ಕೂಡ್ಲಿಗಿ ಏರಿನಲ್ಲಿ ಹಿಡಿದ ಉಸಿರು

ನಮ್ಮ ಕಾರಿಗೆ ಒಂದು ಕೆಟ್ಟ ಚಾಳಿಯಿತ್ತು. ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವಾಗ ಹುಣಸೆಮರಗಳ ಸಾಲು ಮುಗಿದು ಒಂದು ಏರು ಶುರುವಾಗುತ್ತದೆ. ಅಲ್ಲಿ ಆಕ್ಸಿಲರೇಟರ್ ಒತ್ತಿದರೆ ಕಾರು ಮುಂದಕ್ಕೆ ನುಗ್ಗುವ ಬದಲು ಒಂದು ಕ್ಷಣ ಉಸಿರು ಹಿಡಿದುಬಿಡುತ್ತಿತ್ತು. ಎಂಜಿನ್ನಿನ ಸದ್ದೇ ಇಲ್ಲ. ಆಮೇಲೆ ಏನೋ ನೆನಪಾದವರ ಹಾಗೆ ಗುರ್ರೆಂದು ಎದ್ದು ಹೊರಡುತ್ತಿತ್ತು. ಇದಕ್ಕೆ ಇಂಗ್ಲಿಷಿನಲ್ಲಿ ಫ್ಲಾಟ್ ಸ್ಪಾಟ್ ಅನ್ನುತ್ತಾರೆ. ನನಗೆ ಮಾತ್ರ ಅದು ನನ್ನ ಗಂಡನ ಜಾಗ.

ನನಗೆ ಡ್ರೈವಿಂಗ್ ಕಲಿಸಿದವರು ಅವರೇ. ಎಡಗಡೆಯ ಸೀಟಿನಲ್ಲಿ ಕೂತು, ಆ ಏರಿನಲ್ಲಿ ಕಾರು ತಡವರಿಸಿದಾಗಲೆಲ್ಲ, ದನಿ ಏರಿಸದೆ ಒಂದೇ ಮಾತು ಹೇಳುತ್ತಿದ್ದರು. "ಕಾಲು ತೆಗಿ. ಮತ್ತ ಒತ್ತು." ಅವರು ಹೋಗಿ ವರ್ಷಗಳಾದವು. ಮಾತು ಹೋಗಲಿಲ್ಲ. ಕಾರು ಉಸಿರು ಹಿಡಿದ ಆ ಖಾಲಿಯಲ್ಲಿ, ಎಡಗಡೆಯಿಂದ, ಎಲೆ ಅಡಿಕೆ ಜಗಿಯುತ್ತ ಹೇಳಿದ ಹಾಗೆ, ಅದೇ ಮಾತು ಕೇಳುತ್ತಿತ್ತು. ನಾನು ದೆವ್ವ ಭೂತ ನಂಬುವವಳಲ್ಲ. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದು ಒಂದೇ ಒಂದು ಗೋಸ್ಟ್, ಅದೂ ಹೋಲಿ. ಆದರೂ ಕೂಡ್ಲಿಗಿಯಲ್ಲಿ ಏನೂ ಕೆಲಸವಿಲ್ಲದ ದಿನವೂ ನಾನು ಆ ದಾರಿ ಹಿಡಿಯುತ್ತಿದ್ದೆ.

ನಾವು ಮದುವೆಯಾದ ಹೊಸದರಲ್ಲಿ ಕೊಂಡ ಕಾರು ಇದು. ಗೇರು ಸ್ಟೀರಿಂಗಿನ ಪಕ್ಕದಲ್ಲೇ. ಅವರದು ಶೇಂಗಾ ವ್ಯಾಪಾರ, ಜೀವವೆಲ್ಲ ಎಂಜಿನ್ನಿನಲ್ಲಿ. ಇಂಗ್ಲಿಷ್ ಬರುತ್ತಿರಲಿಲ್ಲ. ಅವರು ಬಾನೆಟ್ಟಿನೊಳಗೆ ತಲೆ ಹಾಕಿ ನಿಂತರೆ, ನಾನು ಅಂಗಳದ ಕಟ್ಟೆಯ ಮೇಲೆ ಮ್ಯಾನುಯಲ್ ಹಿಡಿದು ಕೂತು ಓದಿ ಹೇಳುತ್ತಿದ್ದೆ. ಕಾರ್ಬುರೇಟರ್ ಎಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಪಾತ್ರೆ. ಅದರೊಳಗಿನ ಕಿರಿದಾದ ಗಂಟಲಿಗೆ ವೆಂಚುರಿ ಅನ್ನುವ ಹೆಸರು. ಅದನ್ನು ಕನ್ನಡದಲ್ಲಿ ಹೇಗೆ ಹೇಳುವುದು? ಒಲೆಯ ಮುಂದಿನ ಊದುಗೊಳವೆ ತಂದು ತೋರಿಸಿದೆ. ಕೊಳವೆ ಸಣ್ಣದಿದ್ದರೆ ಗಾಳಿ ಜೋರು, ಗಾಳಿ ಜೋರಿದ್ದರೆ ಪೆಟ್ರೋಲ್ ತಾನಾಗಿ ಎಳೆದುಕೊಂಡು ಬರುತ್ತದೆ. ಅವರು ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ನಮ್ಮ ರೊಮ್ಯಾನ್ಸ್ ಎಂದರೆ ಅಷ್ಟೇ ಅನ್ನಿ.

ಆಮೇಲೆ ಅವರು ದಾವಣಗೆರೆಯ ಲೇತಿನಲ್ಲಿ ಸಿಲಿಂಡರನ್ನು ಸ್ವಲ್ಪ ಕೊರೆಸಿದರು, ಅದರ ಮೇಲಿನ ಮುಚ್ಚಳವಾದ ಹೆಡ್ಡನ್ನು ಸ್ವಲ್ಪ ಸವರಿಸಿದರು. ಮೈಲ್ಡ್ ಆಗಿಯೇ. ಎಂಜಿನ್ನಿಗೆ ಶಕ್ತಿ ಬಂತು, ಆದರೆ ಹಳೆಯ ಕಾರ್ಬುರೇಟರಿನ ಬಾಯಿ ಅದಕ್ಕೆ ಸಾಲದೆ ವೇಗದಲ್ಲಿ ಏದುಸಿರು ಬಿಡತೊಡಗಿತು. ಗುಜರಿಯಿಂದ ಯಾವುದೋ ಭಾರಿ ಗಾಡಿಯದೊಂದು ದೊಡ್ಡ ಕಾರ್ಬುರೇಟರ್ ಹೊತ್ತು ತಂದರು. ಬಾಯಿ ಅತಿ ದೊಡ್ಡದಾದರೆ ನಿಧಾನದಲ್ಲಿ ಗಾಳಿ ಸತ್ತುಹೋಗುತ್ತದೆ ಎಂದು ನಾನು ಓದಿ ಹೇಳಿದೆ. "ಹೊಟ್ಟಿ ದೊಡ್ಡದು ಮಾಡೀವಿ, ಬಾಯಿ ಸಣ್ಣದು ಇಟ್ರ ಹೆಂಗ?" ಎಂದು ನಕ್ಕರು. ಪೆಟ್ರೋಲ್ ಧಾರಾಳವಾಗಿ ಸುರಿಯುವ ಹಾಗೆ ದೊಡ್ಡ ತೂತಿನ ಜೆಟ್ಟು ಹಾಕಿದರು. ಕಾರು ಚಿಗರೆಯಂತೆ ಜಿಗಿಯಿತು. ಆದರೆ ಒಳಗೆಲ್ಲ ಪೆಟ್ರೋಲ್ ವಾಸನೆ. ನನಗೆ ತಲೆ ಸಿಡಿಯುತ್ತಿತ್ತು. ಕರವಸ್ತ್ರಕ್ಕೆ ಕೊಲೋನ್ ಹಾಕಿ ಮೂಗಿಗೆ ಹಿಡಿದು ಕೂರುತ್ತಿದ್ದೆ. ಕಡೆಗೆ, ಸಾರಿ, ನಾನು ಬಸ್ಸಿನಲ್ಲೇ ಬರುತ್ತೇನೆ ಅಂದೆ. ಸ್ವಲ್ಪ ದಿನ ಬಸ್ಸಿನಲ್ಲೇ ಓಡಾಡಿದೆ. ಮತ್ತೆ ಕಾರು ಹತ್ತಿದಾಗ ವಾಸನೆ ಇರಲಿಲ್ಲ. ಏನು ಮಾಡಿದಿರಿ ಎಂದರೆ, ತಾನಾಗಿ ಹೊಂದಿಕೊಂಡಿತು ಅಂದರು.

ಈ ಚಳಿಗಾಲದಲ್ಲಿ ಕೂಡ್ಲಿಗಿ ಕ್ರಾಸಿನಲ್ಲಿ ಹೈವೇ ದಾಟುವಾಗ ಕಾರು ಉಸಿರು ಹಿಡಿಯಿತು. ಏರಿನಲ್ಲಲ್ಲ, ನಟ್ಟನಡು ರಸ್ತೆಯಲ್ಲಿ. ಬಲಗಡೆಯಿಂದ ಲಾರಿ ಬರುತ್ತಿತ್ತು. "ಕಾಲು ತೆಗಿ" ಎಂದು ಎಡಗಡೆಯಿಂದ ಕೇಳಿತು. ತೆಗೆದೆ. ಎಂಜಿನ್ ಪೂರ್ತಿ ನಿಂತುಹೋಯಿತು. ಲಾರಿಯವನು ಹೇಗೋ ಬ್ರೇಕ್ ಹಾಕಿದ. ಅದರ ಬಂಪರಿನ ನಿಂಬೆಹಣ್ಣು ನನ್ನ ಕಿಟಕಿಗೆ ತಾಗುವಷ್ಟು ಹತ್ತಿರ ಬಂದು ತೂಗಾಡಿತು.

ಕೊಟ್ಟೂರಿನ ನಮ್ಮ ಮೆಕ್ಯಾನಿಕ್ಕು ಬಾಯಿಬಡುಕ. ನನ್ನ ಗಂಡನ ಜೊತೆ ಜೀವನವೆಲ್ಲ ಜಗಳವಾಡಿ ಜೊತೆಗೇ ಚಹಾ ಕುಡಿದವನು. ಬಾನೆಟ್ ಎತ್ತಿದ ಕೂಡಲೇ ಶುರು ಮಾಡಿದ. ಇದು ಕಾರೋ ಟ್ರ್ಯಾಕ್ಟರೋ, ಅಣ್ಣಾರು ಹೋದ ಮೇಲೂ ಅವರ ಹಟ ಇಲ್ಲೇ ಕೂತಿದೆ ಎಂದ. ನಡೆದದ್ದನ್ನು ಹೇಳಿದರೆ, ಹೈವೇ ನಡುವೆ ಕಾಲು ತೆಗೆ ಎಂದು ನಿಮಗೆ ಯಾರು ಹೇಳಿದರು ಎಂದು ಬೈದ. ಯಾರು ಎಂದು ಹೇಳಲಿ?

ಕಾರ್ಬುರೇಟರ್ ಬಿಚ್ಚಿ ಸೀಮೆಎಣ್ಣೆಯ ತಟ್ಟೆಯಲ್ಲಿಟ್ಟು ಜೆಟ್ಟನ್ನು ಬೆಳಕಿಗೆ ಹಿಡಿದವನು ಒಮ್ಮೆಲೇ ನಗತೊಡಗಿದ.

"ನೋಡ್ರಿ ಅಮ್ಮಾರ, ಅಣ್ಣಾರು ಎಳಿ ಹಾಕ್ಯಾರ."

ಜೆಟ್ಟಿನ ತೂತಿನೊಳಗೆ ಕೂದಲಿನಷ್ಟು ತೆಳ್ಳಗಿನ ತಾಮ್ರದ ಎಳೆ. ನಮ್ಮ ಕಡೆ ಪೆಟ್ರೋಲ್ ಉಳಿಸುವವರು ಮಾಡುವ ಉಪಾಯ ಅದು. ವೈರಿನಿಂದ ಒಂದು ಎಳೆ ಕಿತ್ತು ತೂರಿಸಿದರೆ ತೂತು ಕಿರಿದಾಗಿ ಪೆಟ್ರೋಲ್ ಕಡಿಮೆ ಇಳಿಯುತ್ತದೆ. ನನ್ನ ಗಂಡ ಆ ಕೆಲಸವನ್ನು ಎಷ್ಟು ಹೀಯಾಳಿಸುತ್ತಿದ್ದರು! ಎಳೆ ಹಾಕುವವರು ಎಮ್ಮೆ ಸಾಕಲಿ, ಕಾರು ಯಾಕೆ ಅನ್ನುತ್ತಿದ್ದರು. ಮೆಕ್ಯಾನಿಕ್ಕಿನ ನಗು ಅದಕ್ಕೇ.

ನನಗೆ ನಗು ಬರಲಿಲ್ಲ. ಆ ಬಸ್ಸಿನ ದಿನಗಳು ನೆನಪಾದವು. ಎಳೆ ಹಾಕಿದ್ದು ಪೆಟ್ರೋಲಿಗಲ್ಲ, ನನ್ನ ತಲೆನೋವಿಗೆ. ವಾಸನೆ ಹೋಯಿತು, ಅದರ ಬದಲಿಗೆ ಆ ತಡವರಿಕೆ ಬಂತು. ಕಾರಿನ ಮೊದಲ ಜಿಗಿತವನ್ನು ಅವರು ನನಗಾಗಿ ಬಿಟ್ಟುಕೊಟ್ಟು, ಅದರ ಬಗ್ಗೆ ಬಾಯಿ ಬಿಡದೆ, ಎಡಗಡೆಗೆ ಕೂತು ಕಾಲು ತೆಗೆ ಎನ್ನುತ್ತಿದ್ದರು.

ಮೆಕ್ಯಾನಿಕ್ಕು ಇನ್ನೊಂದು ಕಾರ್ಬುರೇಟರ್ ತಂದು ಪಕ್ಕದಲ್ಲಿಟ್ಟ. ಅದಕ್ಕೆ ಎರಡು ಬಾಯಿ. ನಿಧಾನಕ್ಕೆ ಹೋಗುವಾಗ ಸಣ್ಣದೊಂದೇ ತೆರೆದಿರುತ್ತದೆ, ಜೋರಾಗಿ ಒತ್ತಿದರೆ ಮಾತ್ರ ಎರಡನೆಯದು. ಸ್ವಲ್ಪ ಕೊರೆಸಿದ ಎಂಜಿನ್ನಿಗೆ ಹೇಳಿ ಮಾಡಿಸಿದ ಹಾಗಿತ್ತು. ಹಳೆಯದರಲ್ಲಿ ಎಳೆ ತೆಗೆದರೆ ವಾಸನೆ, ಇಟ್ಟರೆ ತಡವರಿಕೆ. ಅದು ಯಾವತ್ತೂ ಈ ಎಂಜಿನ್ನಿನದಲ್ಲ. ಇಷ್ಟೆಲ್ಲ ನನಗೆ ಗೊತ್ತಿತ್ತು, ನಾನೇ ಓದಿ ಹೇಳಿದವಳು. ಆದರೂ ಕೈ ಹಳೆಯದರ ಮೇಲೇ ಇತ್ತು. ಇದನ್ನೇ ತೊಳೆದು ಹಾಕಿಕೊಡಲು ಆಗುವುದಿಲ್ಲವೇ ಎಂದೆ.

ಅವನು ನಗುವುದನ್ನು ನಿಲ್ಲಿಸಿದ. "ಹಾಕಿಕೊಡ್ತೀನ್ರಿ. ಆದ್ರ ಲಾರಿಯಾವ ಎಲ್ಲಾ ಸಲ ಬ್ರೇಕ್ ಹಾಕಂಗಿಲ್ಲ."

ನನ್ನ ಕೈ ಹಳೆಯದರ ಮೇಲಿಂದ ಏಳದ್ದನ್ನು ನೋಡಿ ಮತ್ತೆ ಹೇಳಿದ. "ಅಣ್ಣಾರು ಇದ್ದಿದ್ರ ತಾವ ಇದನ್ನ ಕಿತ್ತು ಒಗೀತಿದ್ರು ಅಮ್ಮಾರ. ನೀವು ಡ್ರೈವರ್ ಸೀಟಿನ್ಯಾಗ ಇದ್ರ ಅವ್ರ ಕಿವಿ ಕಾರಿನ ಮ್ಯಾಲ ಇರ್ತಿರಲಿಲ್ಲ, ನಿಮ್ಮ ಮ್ಯಾಲ ಇರ್ತಿತ್ತು."

ಎರಡು ಬಾಯಿಯದನ್ನೇ ಹಾಕು ಎಂದೆ. ಅವನು ತಟ್ಟೆಯನ್ನು ಚರಂಡಿಗೆ ಬಗ್ಗಿಸಿದ. ಜೆಟ್ಟಿನಿಂದ ಕಿತ್ತ ಎಳೆ ಅದರಲ್ಲೇ ಇತ್ತು. ಕೇಳಿದ್ದರೆ ಎತ್ತಿಕೊಡುತ್ತಿದ್ದ. ಕೇಳಲಿಲ್ಲ.

ಸಂಜೆಯ ಹೊತ್ತಿಗೆ ಒಬ್ಬಳೇ ಹೊರಟೆ. ಕಾರು ಬೇರೆಯವರ ಮನೆಯ ಕಾರಿನ ಹಾಗೆ ಸಲೀಸಾಗಿ ಓಡಿತು. ವಾಸನೆಯಿಲ್ಲ, ತಡವರಿಕೆಯಿಲ್ಲ. ಹುಣಸೆಮರಗಳು ಮುಗಿದವು. ಏರು ಬಂತು. ಒತ್ತಿದೆ. ಎಂಜಿನ್ ಒಂದೇ ದನಿಯಲ್ಲಿ ಮೇಲೇರತೊಡಗಿತು. ಎಡಗಡೆಯ ಸೀಟಿಗೆ ಕಿವಿಕೊಟ್ಟೆ. ಅಲ್ಲಿ ನನ್ನ ಕೈಚೀಲ ಮಾತ್ರ ಅಲುಗುತ್ತಿತ್ತು.

ಅಷ್ಟರಲ್ಲಿ ನನ್ನ ಕಾಲು, ನನ್ನನ್ನು ಕೇಳದೆಯೇ, ಪೆಡಲಿನಿಂದ ಎದ್ದಿತು. ಮತ್ತೆ ಒತ್ತಿತು.