ದಾವಲಸಾಬರು ಕಬ್ಬಿಣದ ಮೇಲೆ ಕೊರೆದದ್ದು

ದಾವಲಸಾಬರ ಸ್ಕ್ರೂಡ್ರೈವರಿನ ಮರದ ಹಿಡಿಯ ತುಂಬ ಹಲ್ಲಿನ ಗುರುತುಗಳಿದ್ದವು. ವರ್ಷಗಟ್ಟಲೆ ಕಚ್ಚಿಸಿಕೊಂಡ ಆ ಹಿಡಿ ನಾಯಿ ಅಗಿದ ಎಲುಬಿನಂತೆ ಕಾಣುತ್ತಿತ್ತು. ಹರೆಯದಲ್ಲಿ ಇಳಕಲ್ಲಿನ ಕಲ್ಲಿನ ಕ್ವಾರಿಯಲ್ಲಿ ಮದ್ದು ಸಿಡಿಸುವ ಕೆಲಸಕ್ಕಿದ್ದಾಗ ಅವರ ಕಿವಿ ಮುಕ್ಕಾಲು ಪಾಲು ಹೋಗಿತ್ತು. ಕಿವಿ ಹೋದ ಮೇಲೆ ಅವರು ಹಲ್ಲಿನಿಂದ ಕೇಳುವುದನ್ನು ಕಲಿತರು. ಚರ್ಮ ಹೊಲಿಯುವ ಭಾರೀ ಮಷೀನು ಯಾವುದೇ ಬರಲಿ, ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ, ಗಾಲಿಯನ್ನು ಕೈಯಿಂದ ಮೆಲ್ಲಗೆ ತಿರುವುತ್ತಿದ್ದರು. ಒಳಗೆ ಎಲ್ಲಿ ಸವೆದಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂಬುದು ದವಡೆಯ ಎಲುಬಿನ ಮೂಲಕ ಅವರಿಗೆ ತಿಳಿಯುತ್ತಿತ್ತು.

“ಕಬ್ಬಿಣ ಹಲ್ಲಿನಾಗ ಮಾತಾಡ್ತೈತ್ರಿ ಬಾಯಾರ,” ಅನ್ನುತ್ತಿದ್ದರು. “ಮನಷ್ಯಾರದು ಬರೇ ತುಟೀ ಮ್ಯಾಲಿನ ಮಾತು. ಅದು ನನಗ ಕೇಳ್ಸೂದಿಲ್ಲ. ಕೇಳ್ಸದಿದ್ರ ನುಕ್ಸಾನ ಏನೂ ಆಗಿಲ್ಲ ಬಿಡ್ರಿ.”

ಹುನಗುಂದದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಅವರ ತಗಡಿನ ಅಂಗಡಿಗೆ ನಾನು ಮೊದಲು ಹೋದದ್ದು ಧಾರವಾಡದಲ್ಲಿ ಎಂ.ಎ. ಮುಗಿಸಿ, ಇಳಕಲ್ಲಿನ ಒಂದು ಮಹಿಳಾ ಹೊಲಿಗೆ ಕೇಂದ್ರಕ್ಕೆ ಮೇಲ್ವಿಚಾರಕಿಯಾಗಿ ಸೇರಿದ ವರ್ಷ. ಅಲ್ಲಿ ಎಂಟು ಜನ ಹೆಂಗಸರು ಕ್ವಾರಿ ಕೆಲಸದವರಿಗೆ ಚರ್ಮದ ಕೈಗವಸು ಹೊಲಿಯುತ್ತಿದ್ದರು. ನಾನು ಮಾಸ್ತರರ ಮನೆಯವಳು. ನಮ್ಮಲ್ಲಿ ಚರ್ಮವೆಂದರೆ ಹೊಸ್ತಿಲಾಚೆ ಬಿಡುವ ಚಪ್ಪಲಿ, ಅಷ್ಟೇ. ಅದನ್ನು ಹೊಲಿಯುವ ಕೈಗಳನ್ನೂ, ಆ ಕೈಗಳನ್ನು ನಂಬಿದ ಕಬ್ಬಿಣವನ್ನೂ ನೋಡಲು ನನಗೆ ಕಲಿಸಿದವರು ದಾವಲಸಾಬರು.

ಅವರಿಗೆ ಪ್ರತಿ ಮಷೀನೂ ‘ಆಕಿ’. ಅಜ್ಜನ ಕಾಲದಿಂದ ತುಕ್ಕು ತಿಂದು ಮೂಲೆಗೆ ಬಿದ್ದದ್ದನ್ನು ಬಿಚ್ಚಿ, ಒಂದೊಂದು ಭಾಗವನ್ನೂ ಚಿಮಣಿ ಎಣ್ಣೆಯಲ್ಲಿ ದಿನಗಟ್ಟಲೆ ನೆನೆಹಾಕಿ, ಎಲ್ಲಿಯೂ ಸಿಗದ ಬಿಡಿಭಾಗವನ್ನು ಅರದಿಂದ ತಾವೇ ತಿಕ್ಕಿ ಮಾಡಿ ಕೂರಿಸುತ್ತಿದ್ದರು. ಬಣ್ಣ ಮಾತ್ರ ಹಚ್ಚುತ್ತಿರಲಿಲ್ಲ. ಯಾರಾದರೂ ಕೇಳಿದರೆ, “ಮುಪ್ಪು ತಪ್ಪಲ್ಲ. ಮುಪ್ಪು ಮುಚ್ಚೂದು ತಪ್ಪು,” ಎಂದು ಬೆನ್ನು ತಿರುಗಿಸುತ್ತಿದ್ದರು.

ಒಂದು ದಿನ ಕಲಾದಗಿಯ ಚಪ್ಪಲಿ ಹೊಲಿಯುವ ಸಿದ್ಲಿಂಗ ತನ್ನ ಮಷೀನನ್ನು ಗೋಣಿಚೀಲದಲ್ಲಿ ಹೊತ್ತು ತಂದ. ಸಾಬರ ಕಿವಿಗೆ ಬಾಯಿಟ್ಟು, “ಹೊಲಿಗಿ ಬಿಟ್ಟ ಬಿಟ್ಟ ಬೀಳ್ತೈತಿ ಕಾಕಾ! ಆಯುಷ್ಯ ಮುಗೀತು ಇದರದು!” ಎಂದು ಕೂಗಿದ. ಸಾಬರು ಸ್ಕ್ರೂಡ್ರೈವರ್ ಕಚ್ಚಿ ಗಾಲಿ ತಿರುವಿದರು. ಆಮೇಲೆ ಒಳಗಿನ ಅಂಟನ್ನು ಬೆರಳಿಂದ ಬಳಿದು ಮೂಸಿದರು.

“ಯಾವ ಎಣ್ಣಿ ಬಿಟ್ಟೀಯಲೇ ಈಕೀಗೆ?”

ಸಿದ್ಲಿಂಗ ತಲೆ ಕೆರೆದುಕೊಂಡ. ಓಣಿಗೆಲ್ಲ ಕೇಳುವಂತೆ ಕೂಗದೆ ಗತಿಯಿರಲಿಲ್ಲ. “ಮಷೀನ ಎಣ್ಣಿ ತೀರಿತ್ತು! ಮನ್ಯಾಗ ಕುಸುಬಿ ಎಣ್ಣಿ ಇತ್ತು!”

“ಶಾಬಾಸ್! ವಗ್ಗರಣಿ ಕೊಟ್ಟಿ. ಸಾಸಿವಿ, ಜೀರಗಿ ಯಾಕ ಉಳಿಸಿದಿ ಮಗನ? ಆಯುಷ್ಯ ಮುಗದದ್ದು ಈಕೀದಲ್ಲೋ, ನಿನ್ನ ಬುದ್ಧೀದು.”

ಕೆಲಸ ಮುಗಿದ ಮೇಲೆ ಅವರದೊಂದು ಪದ್ಧತಿಯಿತ್ತು. ಮಷೀನನ್ನು ಡಬ್ಬು ಹಾಕಿ, ಯಾರ ಕಣ್ಣಿಗೂ ಬೀಳದ ತಳದಲ್ಲಿ ಸಣ್ಣ ಉಳಿಯಿಂದ ಒಂದು ಚಿತ್ರ ಕೊರೆಯುತ್ತಿದ್ದರು. ಅವರಿಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ. ಹಲಗೆ ಬಾರಿಸುವವರ ಮನೆಯ ಮಷೀನಿಗೆ ಹಲಗೆ, ಶಾಲೆಯ ಚೀಲ ಹೊಲಿಯುವವರದಕ್ಕೆ ಚೀಲ. ಚಿತ್ರದ ಕೆಳಗೆ, ಬಿಚ್ಚಿದ ಪ್ರತಿ ಸಲಕ್ಕೊಂದು ಗೆರೆ. ಮುಂದೆ ಬಿಚ್ಚುವವನಿಗೆ ಇದು ದವಾಖಾನಿ ಚೀಟಿ ಇದ್ದಂತೆ ಎನ್ನುತ್ತಿದ್ದರು. “ಇಷ್ಟು ಚಂದ ಕೊರದು ಯಾಕ ಮುಚ್ಚಿಡ್ತೀರಿ ಕಾಕಾ?” ಎಂದು ಒಮ್ಮೆ ಕೂಗಿ ಕೇಳಿದೆ. “ಕೆಲಸ ಮಾಡಿದಾಂವನ ಗುರುತು ಹಣೀ ಮ್ಯಾಲೆ ಇರಬಾರದ್ರಿ. ಹೊಟ್ಟ್ಯಾಗ ಇರಬೇಕು,” ಎಂದರು.

ಆ ಗುರುತಿನ ಬೆಲೆ ನನಗೆ ತಿಳಿಯಲು, ಆ ಎಂಟು ಹೆಂಗಸರಲ್ಲಿ ಒಬ್ಬಳಾದ ಶಾಂತವ್ವನ ಬೆರಳುಗಳು ಹೋಗಬೇಕಾಯಿತು.

ನಮ್ಮ ಕೇಂದ್ರಕ್ಕೆ ಯೋಜನೆಯೊಂದರ ಅಡಿಯಲ್ಲಿ ಎಂಟು ಮಷೀನುಗಳು ಬಂದಿದ್ದವು. ಮೈತುಂಬ ಹೊಳೆಯುವ ಹಸಿರು ಬಣ್ಣ. ಕಾಗದಪತ್ರದಲ್ಲಿ ಅವು ಹೊಚ್ಚ ಹೊಸವು. ಸುಸ್ಥಿತಿಯಲ್ಲಿ ತಲುಪಿವೆ ಎಂದು ರುಜು ಹಾಕಿದವಳು ನಾನೇ. ಮೂರನೆಯ ತಿಂಗಳು, ಶಾಂತವ್ವ ಕೈಗವಸಿನ ಹೆಬ್ಬೆರಳನ್ನು ಹೊಲಿದು, ಪೆಡಲಿನಿಂದ ಕಾಲು ತೆಗೆದು, ಚರ್ಮ ಹೊರಳಿಸಲು ಬಲಗೈ ಚಾಚಿದಳು. ಮೋಟಾರು ನಿಲ್ಲಲಿಲ್ಲ. ಚರ್ಮದ ದಪ್ಪ ಸೂಜಿ ಅವಳ ತೋರುಬೆರಳು, ನಡುಬೆರಳುಗಳ ಮೇಲೆ ಎಷ್ಟು ಸಲ ಇಳಿಯಿತೋ, ನಾನು ಓಡಿಬಂದು ಕರೆಂಟಿನ ಗುಂಡಿ ಒತ್ತುವಷ್ಟರಲ್ಲಿ ಎಣಿಸುವ ಸ್ಥಿತಿ ಉಳಿದಿರಲಿಲ್ಲ. ಕೀವಾಗಿ, ಹತ್ತು ದಿನಕ್ಕೆ ಎರಡೂ ಬೆರಳುಗಳನ್ನು ಕತ್ತರಿಸಿದರು. ಮಷೀನು ಪೂರೈಸಿದವರು ತಮ್ಮ ವರದಿಯಲ್ಲಿ ಕಾರಣವನ್ನು ಎರಡೇ ಪದಗಳಲ್ಲಿ ಬರೆದರು: ‘ಕೆಲಸಗಾರ್ತಿಯ ಅಜಾಗರೂಕತೆ.’

ಅದನ್ನು ಓದಿ ಹೇಳಿದಾಗ ಶಾಂತವ್ವ ದವಾಖಾನಿಯ ಹಾಸಿಗೆಯ ಮೇಲೆ ಎದ್ದು ಕೂತಳು. “ನಾ ಕಾಲ ತಗದಿದ್ದೆ ಅಕ್ಕಾರ. ದೇವರಾಣಿ ತಗದಿದ್ದೆ. ನಮ್ಮತ್ತಿನೂ ಅದನ್ನ ಅಂತಾಳ, ಚಿತ್ತ ಎಲ್ಲಿಟ್ಟಿದ್ದಿ ಅಂತ. ನಂದು ತಪ್ಪಲ್ಲ ಅಂತ ಯಾರರ ಒಂದು ಮಾತು ಬರದು ಕೊಡ್ಲಿ. ಬ್ಯಾರೆ ಏನೂ ಬ್ಯಾಡ ನನಗ.”

ನಾನು ದಾವಲಸಾಬರನ್ನು ಕರೆತಂದೆ. ಅವರು ಮೋಟಾರಿನ ಮುಚ್ಚಳ ತೆಗೆದು ತೋರಿಸಿದರು. ಕಾಲು ತೆಗೆದೊಡನೆ ಗಾಲಿಯನ್ನು ಹಿಡಿದು ನಿಲ್ಲಿಸಬೇಕಾದ ಬ್ರೇಕಿನ ಪಟ್ಟಿ ಪೂರ್ತಿ ಸವೆದುಹೋಗಿತ್ತು. ಬಳಿಕ ಸ್ಕ್ರೂಡ್ರೈವರ್ ಕಚ್ಚಿ ಗಾಲಿ ತಿರುವಿದರು. ಅವರ ಮುಖ ಬದಲಾಯಿತು. ಮಷೀನನ್ನು ಡಬ್ಬು ಹಾಕಿ, ಉಗುರಿನಿಂದ ತಳದ ಹಸಿರು ಬಣ್ಣವನ್ನು ಕೆರೆದರು. ಕೆಳಗಿನಿಂದ ಒಂದು ಕುದುರೆ ಹೊರಬಂತು. ಕುದುರೆಯ ಕಾಲಡಿ ಏಳು ಗೆರೆಗಳು.

“ಬಾದಾಮ್ಯಾಗ ಟಾಂಗಾ ಕುದುರಿಗೋಳ ಜೀನ ಹೊಲೀತಿದ್ದ ಮನಿಯಾಕಿ ಈಕಿ. ಏಳು ಸಲ ಬಿಚ್ಚೇನಿ. ಎಂಟನೇ ಸಲ ಇನ್ನ ಸಾಕು, ಗುಜರಿಗೆ ಹಾಕ್ರಿ ಅಂತ ನಾನ ಹೇಳಿದ್ದೆ,” ಎಂದರು. ಕುದುರೆಯ ಮೇಲಿನ ಹಸಿರು ಪುಡಿಯನ್ನು ಅಂಗೈಯಿಂದ ಒರೆಸಿ ಮತ್ತೆ ಹೇಳಿದರು: “ಸತ್ತಾಕಿಗೆ ಬಣ್ಣಾ ಬಳದು ಕೂಡಿಸ್ಯಾರಲ್ರಿ.”

ಆ ಸಂಜೆಯೇ, ಮಷೀನು ಕೊಟ್ಟ ಯೋಜನೆಯ ಬಾಗಲಕೋಟೆ ಕಚೇರಿಗೆ ದೂರು ಬರೆಯಲು ಕುಳಿತೆ. ವಿಶ್ವವಿದ್ಯಾಲಯ ನನಗೆ ಕಲಿಸಿದ್ದೇ ಅದು: ಆಧಾರವಿಲ್ಲದ ಮಾತಿಲ್ಲ, ಅಳತೆಯಿಲ್ಲದ ಆಧಾರವಿಲ್ಲ. ನಾನು ಗಟ್ಟಿಯಾಗಿ ಓದಿ ಹೇಳುತ್ತಿದ್ದಂತೆ ಸಾಬರು ಕೈಯೆತ್ತಿ ತಡೆದರು.

“ಕುದುರಿ ಎಲ್ಲಿ ಐತಿ ಅಂತ ಬರೀಬ್ಯಾಡ್ರಿ ಬಾಯಾರ. ಐತಿ ಅಂತಷ್ಟ ಬರೀರಿ. ಸಾಹೇಬ್ರ ಮುಂದ ನಾನ ಡಬ್ಬ ಹಾಕಿ ತೋರಿಸ್ತೇನಿ.”

“ಹಂಗ ಅರ್ಧಾ ಬರದ್ರ ಯಾರೂ ನಂಬೂದಿಲ್ಲ ಕಾಕಾ. ದೂರು ಅಂದ್ರ ಪೂರ್ತಿ ಇರಬೇಕು.”

“ನೀವು ಕಲತವರು,” ಎಂದು ಅವರು ಕೈ ಇಳಿಸಿದರು. ನಾನು ಬರೆದೆ: ‘ತಳದ ಎಡ ಮಗ್ಗುಲಲ್ಲಿ, ಸೂಜಿಯ ತುದಿಯಿಂದ ಒಂದು ಗೇಣು ಹಿಂದೆ.’

ವಿಚಾರಣೆಗೆ ಒಂದು ವಾರವಿರುವಾಗ ಪೂರೈಕೆದಾರರ ಜನ ಆ ಕಚೇರಿಯ ಮೊಹರು ಹಾಕಿದ ಪತ್ರ ತಂದು, ಮಷೀನನ್ನು ತಾವೇ ಬಾಗಲಕೋಟೆಗೆ ತಲುಪಿಸುವುದಾಗಿ ಹೇಳಿ ಎತ್ತಿಕೊಂಡು ಹೋದರು. ಪತ್ರದಲ್ಲಿ ಮೊಹರಿತ್ತು, ನಾನು ಬಿಟ್ಟುಕೊಟ್ಟೆ.

ಬಾಗಲಕೋಟೆಯ ಆ ಕಚೇರಿಗೆ ದಾವಲಸಾಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಿಸೆಯಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡು ಬಂದಿದ್ದರು. ಶಾಂತವ್ವ ಸೆರಗಿನಲ್ಲಿ ಕೈ ಸುತ್ತಿಕೊಂಡು ಬಾಗಿಲ ಬಳಿ ನಿಂತಿದ್ದಳು. ಮಷೀನಿಗೆ ಹೊಸ ಮೋಟಾರು ಬಂದಿತ್ತು. ಸಾಬರು ಅದನ್ನು ಡಬ್ಬು ಹಾಕಿದರು. ನಾನು ಬರೆದ ಅಳತೆಗೆ ಸರಿಯಾಗಿ, ಎಡ ಮಗ್ಗುಲಲ್ಲಿ, ಸೂಜಿಯಿಂದ ಒಂದು ಗೇಣು ಹಿಂದೆ, ಅಂಗೈಯಗಲದ ಜಾಗವನ್ನು ನುಣ್ಣಗೆ ಉಜ್ಜಿ ಬಣ್ಣ ಬಳಿಯಲಾಗಿತ್ತು. ವಾಸನೆ ಇನ್ನೂ ಹೋಗಿರಲಿಲ್ಲ.

“ಎಲ್ಲಿದೆಯಪ್ಪ ನಿನ್ನ ಕುದುರೆ?” ಎಂದರು ಅಧಿಕಾರಿ. ಸಾಬರಿಗೆ ಕೇಳಿಸಲಿಲ್ಲ. ನಾನು ಅವರ ಕಿವಿಯ ಕಡೆ ಬಗ್ಗಿದೆ.

“ಮೇಡಂ, ನೀವು ಹೇಳಿಕೊಡಬೇಡಿ,” ಎಂದು ಅಧಿಕಾರಿ ತಡೆದರು.

ಸಾಬರು ಆ ನುಣುಪಿನ ಮೇಲೆ ಬೆರಳಾಡಿಸಿದರು. ನಂತರ ಮಷೀನನ್ನು ನೆಟ್ಟಗೆ ನಿಲ್ಲಿಸಿ, ಸ್ಕ್ರೂಡ್ರೈವರ್ ಕಚ್ಚಿ, ಗಾಲಿ ತಿರುವಿ, ತಲೆಯೆತ್ತಿದರು. “ಆಕೀನರಿ ಸಾಹೇಬ್ರ. ಹೊಟ್ಟಿ ತಿಕ್ಕ್ಯಾರ. ಧ್ವನಿ ತಿಕ್ಕಾಕ ಆಗಿಲ್ಲ.”

“ಕುದುರಿ ಕೆನೀತೈತೇನು ಸಾಬಣ್ಣ?” ಎಂದ ಗುಮಾಸ್ತ. ಕೋಣೆಯೆಲ್ಲ ನಕ್ಕಿತು. ದಾವಲಸಾಬರಿಗೆ ಮಾತು ಕೇಳಿಸಲಿಲ್ಲ, ನಗುವ ಮುಖಗಳಷ್ಟೇ ಕಂಡವು. ಮರ್ಯಾದೆಯ ಮನುಷ್ಯ, ತಾವೂ ನಕ್ಕರು. ಆ ನಗುವನ್ನು ನಾನು ಈವರೆಗೆ ಯಾರಿಗೂ ಕ್ಷಮಿಸಿಲ್ಲ.

ಗುರುತು ಕಂಡುಬಂದಿಲ್ಲ, ಸಾಕ್ಷಿಗೆ ಶ್ರವಣಶಕ್ತಿಯಿಲ್ಲ, ಯಂತ್ರ ಸುಸ್ಥಿತಿಯಲ್ಲಿದೆ ಎಂದು ತೀರ್ಮಾನವಾಯಿತು. ಅಜಾಗರೂಕತೆ ಶಾಂತವ್ವನ ಹೆಸರಿನ ಮುಂದೆ ಹಾಗೆಯೇ ಉಳಿಯಿತು.

ಮರಳುವ ಬಸ್ಸಿನಲ್ಲಿ ಸಾಬರ ಕಿವಿಗೆ ಬಾಯಿಟ್ಟು, “ನಂದು ತಪ್ಪಾತು ಕಾಕಾ!” ಎಂದು ಕೂಗಿದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. “ಹೌದ್ರಿ,” ಎಂದರು. “ಮುಂದಿನ ಸಲ ಕೆಲಸದಾಂವನ ಮಾತು ಕೇಳ್ರಿ.”

ನಾನು ಅವರನ್ನು ಕೊನೆಯ ಸಲ ಕಂಡದ್ದು ಎರಡು ತಿಂಗಳ ಬಳಿಕ. ಅಂಗಡಿಯಲ್ಲಿ, ಚಪ್ಪಲಿ ಹೊಲಿಯುವ ಕೈಗಾಲಿಯ ಹಳೆಯ ಮಷೀನೊಂದನ್ನು ಬಿಚ್ಚಿ ಹರವಿಕೊಂಡು ಕೂತಿದ್ದರು. ಎದುರಿಗೆ ಶಾಂತವ್ವ. ಅವರು ಅವಳ ಮೂರು ಬೆರಳಿನ ಕೈಗೆ ಬಿಸಿ ಮಾಡಿದ ಮೇಣದ ಮುದ್ದೆ ಕೊಟ್ಟು, “ಹಿಂಡವ್ವಾ, ಗಾಲಿ ತಿರಿವಿದಂಗ ಹಿಂಡು,” ಅನ್ನುತ್ತಿದ್ದರು. ಅವಳು ಅಂಜುತ್ತ ಹಿಂಡಿದಳು. ಮೇಣದ ಮೇಲೆ ಮೂಡಿದ ಅಚ್ಚಿನಂತೆಯೇ ಅವರು ಗಾಲಿಗೆ ಜಾಲಿ ಮರದ ಹಿಡಿ ಕೆತ್ತಿದರು. ಅದು ಬೇರೆ ಯಾರ ಕೈಗೂ ಒಗ್ಗುವುದಿಲ್ಲ. ನಾನೂ ಹಿಡಿದು ನೋಡಿದ್ದೇನೆ, ನನ್ನ ಐದು ಬೆರಳು ಅದರಲ್ಲಿ ಕೂರುವುದಿಲ್ಲ.

ಮಷೀನು ಶಾಂತವ್ವನ ಮನೆ ಸೇರಿದ ಮೂರನೆಯ ವಾರ ದಾವಲಸಾಬರು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ, ಗೋಡೆಗೆ ಒರಗಿದವರು ಏಳಲಿಲ್ಲ. ಅಂಗಡಿಯಲ್ಲಿ ಈಗ ಮೊಬೈಲಿನ ಗಾಜು ಮಾರುತ್ತಾರೆ.

ಉಳಿದ ಏಳು ಹಸಿರು ಮಷೀನುಗಳ ಮುಂದೆ ಇಂದಿಗೂ ಏಳು ಹೆಂಗಸರು ಕೂರುತ್ತಾರೆ. ಅವುಗಳ ಮೋಟಾರನ್ನು ಬಿಚ್ಚಿ ನೋಡಿ ಎಂದು ನಾನು ಬರೆದ ಪತ್ರಗಳಿಗೆ ಉತ್ತರವಿಲ್ಲ. ಗುಜರಿಯನ್ನು ಹೊಸದೆಂದು ಪ್ರಮಾಣಿಸಿದವರು ಯಾರು? ನನ್ನ ದೂರಿನ ಪ್ರತಿಯನ್ನು ಉಜ್ಜುವವನ ಕೈಗೆ ಕೊಟ್ಟವರು ಯಾರು? ಆ ಹೆಸರುಗಳು ಹೊರಬರಲಿ. ಕಣ್ಣು ಮುಚ್ಚಿ ರುಜು ಹಾಕಿದವರ ಪಟ್ಟಿಯಲ್ಲಿ ಮೊದಲು ನನ್ನ ಹೆಸರನ್ನೇ ಬರೆಯಿರಿ, ಅಡ್ಡಿಯಿಲ್ಲ. ಆದರೆ ಅಲ್ಲಿಗೇ ನಿಲ್ಲಿಸಬೇಡಿ.

ಶಾಂತವ್ವ ಇಳಕಲ್ಲಿನ ಸಂತೆಯ ದಾರಿಯಲ್ಲಿ ಬೇವಿನ ಮರದ ಕೆಳಗೆ ಚಪ್ಪಲಿ ಹೊಲಿಯುತ್ತಾಳೆ. ಅವಳ ಮಷೀನಿನ ತಳದಲ್ಲಿ ಏನೂ ಇಲ್ಲ. ಹಣೆಯ ಮೇಲೆ, ಸೂಜಿಯ ತುದಿಯಿಂದ ಒಂದು ಗೇಣು ಮೇಲೆ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ, ಒಂದು ಕೈ ಇದೆ. ಮೂರು ಬೆರಳಿನ ಕೈ. ಅರ ಹಾಕಿ ಉಜ್ಜಿದರೆ ಕಬ್ಬಿಣವೇ ತೂತಾಗುವಷ್ಟು ಆಳವಾಗಿ ಕೊರೆದಿದ್ದಾರೆ. ಎಲ್ಲಿದೆ ಎಂದು ಈ ಸಲವೂ ನಾನು ಅಳತೆ ಸಮೇತ ಬರೆದಿದ್ದೇನೆ.

ಚಪ್ಪಲಿ ಬಿಟ್ಟು ನಿಂತ ಗಿರಾಕಿಗಳು ಕೇಳುತ್ತಾರೆ: “ಇದೇನವ್ವಾ, ಕೈ ಚಿತ್ರ?”

ಶಾಂತವ್ವ ಗಾಲಿ ನಿಲ್ಲಿಸದೆ ಹೇಳುತ್ತಾಳೆ: “ಚಿತ್ರ ಅಲ್ರಿ. ನಂದು ತಪ್ಪಲ್ಲ ಅಂತ ದಾವಲಕಾಕಾ ಬರದು ಕೊಟ್ಟಾನ.”