ಅಪ್ಪನ ಎಡಗಾಲು ಮತ್ತು ನಮ್ಮ ಹೊಸ್ತಿಲು

ಅಪ್ಪನಿಗೆ ಲಕ್ವಾ ಹೊಡೆದು ಎಂಟು ತಿಂಗಳಾಗಿತ್ತು. ಕೋಲು ಹಿಡಿದು ಮನೆಯೊಳಗೆ ತಿರುಗಾಡುತ್ತಿದ್ದ. ಆದರೆ ಬಾಗಿಲಿಗೆ ಬಂದರೆ ನಿಂತುಬಿಡುತ್ತಿದ್ದ.

ಮನಗೂಳಿಯ ನಮ್ಮ ಮನೆಯ ಹೊಸ್ತಿಲು ಎತ್ತರ. ಅವ್ವ ದಿನಾ ಅದಕ್ಕೆ ಅರಿಷಿಣ ಕುಂಕುಮ ಹಚ್ಚುತ್ತಾಳೆ. ದಾಟಬೇಕು, ತುಳಿಯಬಾರದು. ಅಪ್ಪ ಬಲಗಾಲು ಎತ್ತಿದರೆ ಎಡ ಮೊಣಕಾಲು ಕುಸಿಯುತ್ತಿತ್ತು. ಎಡಗಾಲು ಮುಂದಿಟ್ಟರೆ ಬೆರಳು ಹೊಸ್ತಿಲಿಗೆ ಬಡಿಯುತ್ತಿತ್ತು. ಕಡೆಗೆ ನಾನು ರಟ್ಟೆ ಹಿಡಿದು ಹೊರಗೆ ಇಳಿಸಬೇಕು. ಎದುರು ಕಟ್ಟೆಯ ಮೇಲೆ ಕೂತವರು ಅದನ್ನೇ ನೋಡುತ್ತಿದ್ದರು. ಅಪ್ಪನಿಗೆ ಬೇಕಾದದ್ದು ಇಷ್ಟೇ: ಯಾರೂ ಮುಟ್ಟದೆ ಹೊರಗೆ ಬರಬೇಕು.

ಬೆರಳಿಗೆ ಗಾಯವಾಗಬಾರದೆಂದು ದಪ್ಪ ಬೂಟು ತಂದೆ. ಕಾಲು ಇನ್ನೂ ಹೆಚ್ಚು ಕುಸಿಯಿತು.

ಬಸವನ ಬಾಗೇವಾಡಿಯಲ್ಲಿ ವ್ಯಾಯಾಮ ಹೇಳಿಕೊಡುವ ಮೇಡಂ ಮೊದಲು ಆ ಬೂಟನ್ನೇ ಬಿಚ್ಚಿಸಿದರು. ಆಮೇಲೆ ಸರಿಯಿದ್ದ ಕಾಲು ಏನು ಮಾಡುತ್ತದೆಂದು ತೋರಿಸಲು ನನ್ನನ್ನು ಬರಿಗಾಲಲ್ಲಿ ನಡೆಸಿದರು. ನನ್ನ ಕಾಲು ಗಾಳಿಯಲ್ಲಿದ್ದಾಗ ಪಾದದ ಮೇಲೆ ಕಡ್ಡಿಯಿಂದ ತಟ್ಟಿದರು. ಕಾಲು ಟಣ್ಣನೆ ಮೇಲೆದ್ದಿತು.

"ನೀವ ಎತ್ತಿದ್ರೇನು?"

"ಇಲ್ರೀ, ತಾನ ಎದ್ದಿತು."

"ಚರ್ಮದ ನರ ಬೆನ್ನಹುರಿಗೆ ಹೇಳತೈತಿ. ತಲಿಗೆ ಗೊತ್ತಾಗೂದ್ರೊಳಗ ಕಾಲು ಎದ್ದಿರತೈತಿ."

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಎತ್ತಿನ ಗೊರಸಿಗೆ ಕಬ್ಬಿಣದ ನಾಲ ಬಡಿಯುವುದು ನಮ್ಮ ಕೆಲಸ, ಅಪ್ಪನೇ ಕಲಿಸಿದ್ದು. ನನಗೆ ಗೊತ್ತಿದ್ದದ್ದು ಹೇಳಿದೆ: "ನೊಣ ಕುಂತ್ರ ಎತ್ತಿನ ಚರ್ಮ ತಾನ ಅದುರತೈತಲ್ರೀ, ಹಂಗ?"

ಮೇಡಂ ನಕ್ಕರು. "ಹಂಗ ಅನ್ರಿ. ಆದ್ರ ಯಾವಾಗ, ಎಷ್ಟು ಅನ್ನೂದಕ್ಕ ತಲಿ ಲಗಾಮು ಹಿಡದಿರತೈತಿ. ಲಕ್ವಾ ಆದ್ರ ಆ ಲಗಾಮು ಸಡ್ಲ ಆಗತೈತಿ."

ಅಪ್ಪನ ಎಡಗಾಲಿಗೂ ಹಾಗೇ ತಟ್ಟಿದರು. ಮೇಲೇಳುವುದಿರಲಿ, ಕಾಲು ಅಲ್ಲೇ ನಿಂತುಬಿಟ್ಟಿತು. ಆಮೇಲೆ ಅಂಗಾಲನ್ನು ಒರಟು ಚಾಪೆಯ ಮೇಲೆ ಊರಿಸಿದರು. ಮೊಣಕಾಲು ಸ್ವಲ್ಪ ಬಿಗಿಯಾಯಿತು.

"ಅಂಗಾಲು ಊರಿದ್ರ ಮೊಣಕಾಲು ಬಿಗಿಯೂದು ಇನ್ನೂ ಉಳದೈತ್ರಿ ಕಾಕಾರ. ಬೂಟಿನ್ಯಾಗ ಅಂಗಾಲಿಗೆ ನೆಲಾನ ಗೊತ್ತಾಗವಲ್ದು. ಆದ್ರ ಎಲ್ಲಾರಿಗೂ ಒಂದ ನಮೂನಿ ಇರಂಗಿಲ್ಲ. ನೋಡ್ಕೋತ ಹೋಗಬೇಕು."

ನನಗೆ ಅದೇ ಹುಚ್ಚು ಹಿಡಿಯಿತು. ಮನೆಯಲ್ಲಿ ಜೋಳದ ದಂಟು ಹಿಡಿದು ಅಪ್ಪನ ಹಿಂದೆಯೇ ತಿರುಗಿದೆ. ಪಾದದ ಮೇಲೆ, ಹಿಮ್ಮಡಿಗೆ, ಬದಿಗೆ, ಕಾಲು ಎತ್ತುವಾಗ, ಊರುವಾಗ ಮುಟ್ಟಿ ಮುಟ್ಟಿ ನೋಡಿದೆ.

"ಲೇ, ನಾ ಏನ್ ನಾಲ ಬಡಿಯೂ ಎತ್ತೇನಲೇ?"

"ಎತ್ತಾಗಿದ್ರ ಇಷ್ಟೊತ್ತಿಗೆ ಒದ್ದಿರ್ತಿದ್ದಿ. ಸುಮ್ನ ನಡಿ."

ವಾರದಲ್ಲಿ ನನಗೆ ಎರಡು ಮಾತು ಖಾತ್ರಿಯಾದವು. ಆ ಕಾಲು ಹೊಸ್ತಿಲಿನಷ್ಟು ಮೇಲೆ ಏಳುವುದಿಲ್ಲ. ಆದರೆ ಬರಿ ಅಂಗಾಲು ಒರಟು ಕಲ್ಲಿನ ಮೇಲಿದ್ದರೆ, ಬಲಗಾಲು ಎತ್ತುವಷ್ಟು ಹೊತ್ತು ಕುಸಿಯುವುದಿಲ್ಲ. ಹಾಗಾದರೆ ಬಲಗಾಲನ್ನು ದಾಟಿಸದೆ ಹೊಸ್ತಿಲ ಮೇಲೇ ಇಟ್ಟರೆ ಮೈ ಎತ್ತರವಾಗುತ್ತದೆ. ಎಡಗಾಲು ಬಡಿಯದೆ ಆಚೆ ಹೋಗುತ್ತದೆ.

ಬಾಗಿಲ ಒಳಗಡೆ ಒರಟು ಶಹಾಬಾದಿ ಕಲ್ಲು ಹಾಸಿದೆ. "ಅಪ್ಪಾ, ದಾಟಬ್ಯಾಡ. ಬಲಗಾಲಿಲೆ ತುಳಿ."

ಒಲೆಯ ಹತ್ತಿರ ಕೂತಿದ್ದ ಅವ್ವ ಎದ್ದು ಬಂದಳು. "ಹೊಸ್ತಿಲಾ ತುಳಿತಾರೇನೋ, ಖೋಡಿ?"

ಅಪ್ಪ ಕೋಲು ಊರಿದ. ತುಳಿ ಅಂದವನು ನಾನು, ಆದರೆ ಅವನು ನೋಡಿದ್ದು ಅವ್ವನ ಮುಖ. ಅವ್ವ ಅವನ ಕಾಲು ನೋಡಿದಳು. ಬೆರಳಿನ ಹಳೆ ಗಾಯಗಳು ಹಾಗೇ ಇದ್ದವು.

"ತುಳೀರಿ," ಅಂದಳು. "ಬೀಳೂದ್ಕಿಂತ ತುಳಿಯೂದು ಚಲೋ. ತೊಳಿಯಾಕ ನಾ ಅದೇನಿ."

ಅಪ್ಪ ಬಾಗಿಲ ಚೌಕಟ್ಟು ಹಿಡಿದ. ಎಡ ಅಂಗಾಲು ಕಲ್ಲಿನ ಮೇಲೆ ಊರಿತು, ನಡುಗಿತು, ನಿಂತಿತು. ಬಲಗಾಲು ಕುಂಕುಮದ ಮೇಲೆ ಬಿತ್ತು. ಎಡಗಾಲು ತೂಗಾಡಿಕೊಂಡು ಆಚೆ ಹೋಗಿ ನೆಲ ಮುಟ್ಟಿತು. ನನ್ನ ಕೈಗಳು ಚಾಚಿಕೊಂಡೇ ಇದ್ದವು, ಮುಟ್ಟಲಿಲ್ಲ.

ಅಪ್ಪ ಎದುರು ಕಟ್ಟೆಗೆ ಹೋಗಿ ಕೂತ. ನಾನು ಓಡಿಹೋಗಿ ಕೇಳಿದೆ: "ಊರಿದಾಗ ಕಾಲಿಗೆ ಏನ್ ಅನಿಸ್ತು?"

"ಕಾಲಿಗೇ ಕೇಳಲೇ. ಎಲ್ಲಾ ಮಾಡಿದ್ದು ಅದು, ನನಗೇನ್ ಗೊತ್ತು?"