ಜೋಳಕ್ಕೆ ತಂದ ಗಂಧಕ

ನಾನು ನರಗುಂದದಿಂದ ಅಬ್ಬಿಗೇರಿಗೆ ಸೊಸೆಯಾಗಿ ಹೋದಾಗ ನನಗೆ ಹದಿನೇಳು ವರ್ಷ. ಆಗಿನ್ನೂ ನಮ್ಮ ಕಡೆ ಮುಂಬೈ ಸರ್ಕಾರದ ಆಳ್ವಿಕೆ. ಮನೆ ದೊಡ್ಡದು, ಎತ್ತು ನಾಲ್ಕು, ಎರೆಹೊಲ ಒಳ್ಳೆಯದು ಎಂದು ಅಪ್ಪ ಎಲ್ಲವನ್ನೂ ಹೇಳಿ ಕಳಿಸಿದ್ದ, ಅತ್ತೆಯ ವಿಷಯವೊಂದನ್ನು ಬಿಟ್ಟು. ಹೇಳಿದ್ದರೆ ನಾನು ಗಾಡಿ ಹತ್ತುತ್ತಿದ್ದೆನೋ ಇಲ್ಲವೋ, ಈಗಲೂ ಖಾತ್ರಿಯಿಲ್ಲ.

ಅತ್ತೆಗೆ ಊರಿನಲ್ಲಿ ಒಂದು ದೊಡ್ಡಸ್ತಿಕೆ ಇತ್ತು. ಅದು ಬಂಗಾರದ್ದಲ್ಲ, ಬೀಜದ ಜೋಳದ್ದು. ಹಿಂಗಾರಿ ಬಿಳಿಜೋಳ ಕಾಳು ಕಟ್ಟುವ ಹೊತ್ತಿಗೆ ಅವರು ದಿನಾ ಹೊಲಕ್ಕೆ ಹೋಗಿ, ಸಾಲು ಸಾಲು ತಿರುಗಿ, ಒಂದೊಂದೇ ತೆನೆಯ ಕತ್ತು ಹಿಡಿದು ನೋಡುತ್ತಿದ್ದರು. ಹೆಣ್ಣು ನೋಡಲು ಬಂದಾಗ ನನ್ನನ್ನು ಕೂಡ ಅಷ್ಟು ಹೊತ್ತು ನೋಡಿರಲಿಲ್ಲ. ದಂಟು ಗಟ್ಟಿ ಇರಬೇಕು, ತೆನೆ ಬಿಗಿ ಇರಬೇಕು, ಕಾಳು ಬೆಳ್ಳಗೆ ದುಂಡಗಿರಬೇಕು. ಪಾಸಾದ ತೆನೆಗೆ ಕೆಂಪು ದಾರ ಕಟ್ಟುವುದು, ಆಮೇಲೆ ಅದನ್ನು ಬೇರೆಯಾಗಿ ಕೊಯ್ದು ತಂದು ಒಳಮನೆಯ ಜಂತಿಗೆ ತೂಗುಹಾಕುವುದು. ಬುಟ್ಟಿ ಹೊತ್ತು ಹಿಂದೆ ಹಿಂದೆ ತಿರುಗುವುದು ನನ್ನ ಪಾಲಿಗೆ.

ಗಣಪತಿ ನೀರಿಗೆ ಹೋದ ಮರುದಿನ ಓಣಿಯ ಹೆಣ್ಣುಮಕ್ಕಳೆಲ್ಲ ನಮ್ಮ ಮನೆಗೆ ಬಂದು ಸೆರಗಿನ ಉಡಿ ಒಡ್ಡುತ್ತಿದ್ದರು. ಅತ್ತೆ ಪಡಸಾಲೆಯಲ್ಲಿ ಕೂತು ಮೊರದಿಂದ ಬೀಜ ತುಂಬುತ್ತಿದ್ದರು. ಬೀಜ ಮಾರುವ ಮಾತೇ ಇರಲಿಲ್ಲ. ಕೊಡುವಾಗ ಮೂರು ಮಾತು ಬೈಯುವುದು ಮಾತ್ರ ಇತ್ತು: ಹೋದ ವರ್ಷ ಯಾರು ದಟ್ಟ ಬಿತ್ತಿದರು, ಯಾರು ಕಳೆ ತೆಗೆಯಲಿಲ್ಲ, ಯಾರ ಗಂಡ ಹದ ಹೋದ ಮೇಲೆ ಎದ್ದ. ಬೈಸಿಕೊಂಡವರೂ ನಗುತ್ತಲೇ ಹೋಗುತ್ತಿದ್ದರು.

ಆ ಬೀಜಕ್ಕೆ ಕಣದಲ್ಲೂ ಒಂದು ಮರ್ಯಾದೆ ನಡೆಯುತ್ತಿತ್ತು. ಎತ್ತು ತಿರುಗಿಸಿ ಎಲ್ಲ ತೆನೆ ತುಳಿಸಿ, ರಾಶಿ ತೂರಿ ಮನೆಗೆ ಸಾಗಿಸಿದ ಮೇಲೆ, ಕಟ್ಟಕಡೆಗೆ ಬೀಜದ ತೆನೆಗಳ ಸರದಿ. ಕಣದ ನಡುವಿನ ಮೇಟಿಕಂಬಕ್ಕೆ ಪೂಜೆ ಮಾಡಿ, ಅದರ ಬುಡದಲ್ಲೇ ಹಾಕಿ ತುಳಿಸುವುದು. ದೊಡ್ಡವರು ಎಲ್ಲರೂ ಉಂಡ ಮೇಲೆ ಉಣ್ಣುತ್ತಾರಲ್ಲ, ಹಾಗೆ. ಅತ್ತೆಯ ಅತ್ತೆ ಹಾಗೆ ಮಾಡುತ್ತಿದ್ದರಂತೆ, ಇವರೂ ಹಾಗೇ ಮಾಡುತ್ತಿದ್ದರು.

ನಾನು ಹೋದ ಎರಡನೆಯ ವರ್ಷ ಜೋಳಕ್ಕೆ ಕಾಡಿಗೆ ಹತ್ತಿತು. ತೆನೆ ನೋಡಲು ತೆನೆಯೇ, ಹಿಚುಕಿದರೆ ಕಾಳಿನ ಬದಲು ಕರಿ ಪುಡಿ. ಕಣದಲ್ಲಿ ತೂರುವ ಹೊತ್ತಿಗೆ ಮಾವನವರಿಂದ ಹಿಡಿದು ಆಳುಮಕ್ಕಳವರೆಗೆ ಎಲ್ಲರ ಮುಖವೂ ಒಂದೇ ಬಣ್ಣ. ಯಾರು ಯಾರೆಂದು ದನಿಯಿಂದಲೇ ಗುರುತಿಸಬೇಕಾಯಿತು. ನಾನು ಕಿಸಕ್ಕನೆ ನಕ್ಕುಬಿಟ್ಟೆ, ಅದಕ್ಕೆ ಬೈಸಿಕೊಂಡೆ. ನಮ್ಮ ಬೀಜ ಬಿತ್ತಿದ ಓಣಿಯವರ ಹೊಲಗಳೂ ಹಾಗೇ ಆಗಿದ್ದವು.

ಆ ಬೇಸಿಗೆಗೆ ನಮ್ಮಂಥ ಮನೆಗೂ ಸರ್ಕಾರದ ಕಂಟ್ರೋಲ್ ಅಂಗಡಿಯ ಕೆಂಪು ಜೋಳ ಬಂತು. ಅಮೆರಿಕದಿಂದ ಹಡಗಿನಲ್ಲಿ ಬಂದದ್ದೆಂದು ಹೇಳುತ್ತಿದ್ದರು. ಆ ಹಿಟ್ಟು ಎಷ್ಟು ನಾದಿದರೂ ಜಿಗಿ ಬರದು, ಬಡಿದರೆ ರೊಟ್ಟಿ ನಾಲ್ಕು ಕಡೆ ಸೀಳುವುದು. ಮೊದಲ ದಿನ ಅತ್ತೆ ಹಂಚಿನ ಮುಂದೆ ಕೂತು ಅದನ್ನೇ ನೋಡುತ್ತ, "ಪಾಪ, ಸಮುದ್ರ ದಾಟಿ ಬಂದೈತಿ, ದಣದೈತಿ. ಎಲ್ಲಿಂದ ಉಬ್ಬಬೇಕು" ಅಂದರು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಜಗತ್ತಿನ ಆ ತುದಿಯಿಂದ ಯಾರೋ ನಮಗೆ ಜೋಳ ಕಳಿಸುವ ಹಾಗಾಯಿತಲ್ಲ ಎಂಬುದು ಅವರನ್ನು ಮುಳ್ಳಿನಂತೆ ಚುಚ್ಚುತ್ತಿತ್ತು.

ಶ್ರಾವಣದಲ್ಲಿ ಊರಿಗೆ ಗ್ರಾಮಸೇವಕರು ಬಂದರು. ಸರ್ಕಾರ ಅವರಿಗೆ ಸೈಕಲ್ ಕೊಟ್ಟಿತ್ತು, ನಮ್ಮ ಎರೆಮಣ್ಣು ಅದನ್ನು ಅವರ ಹೆಗಲ ಮೇಲೆ ಹೊರಿಸಿತ್ತು. ಊರ ಅಗಸೆಬಾಗಿಲಿನಿಂದ ಚಾವಡಿಯವರೆಗೆ ಸೈಕಲ್ ಹೊತ್ತು ಬಂದ ಅವರನ್ನು ನೋಡಲೆಂದೇ ಅರ್ಧ ಊರು ಸೇರಿತು. ಅವರು ಹೇಳಿದ್ದು ಇಷ್ಟೇ: ಕಾಡಿಗೆಯ ಪುಡಿ ಬೀಜದ ಮೈಗೆ ಅಂಟಿಕೊಂಡು ಹೊಲಕ್ಕೆ ಹೋಗುತ್ತದೆ, ಬಿತ್ತುವ ಮುಂಚೆ ಬೀಜಕ್ಕೆ ಗಂಧಕದ ಪುಡಿ ಸವರಿದರೆ ಅದು ಸಾಯುತ್ತದೆ, ಖರ್ಚು ಏನೂ ಇಲ್ಲದಷ್ಟು. ನಾನು ಹೆಣ್ಣುಮಕ್ಕಳ ಗುಂಪಿನಲ್ಲಿ ನಿಂತು ಕೇಳಿ, ಮನೆಗೆ ಬಂದು ಅತ್ತೆಗೆ ಒಪ್ಪಿಸಿದೆ.

ನಮ್ಮಲ್ಲಿ ಗಂಧಕ ಗೊತ್ತಿದ್ದದ್ದು ಒಂದೇ ಕೆಲಸಕ್ಕೆ. ಎಣ್ಣೆಯಲ್ಲಿ ಕಲಸಿ ಕಜ್ಜಿಗೆ ಹಚ್ಚುವುದಕ್ಕೆ.

"ಜ್ವಾಳಕ್ಕೇನು ಕಜ್ಜಿ ಆಗೇತೇನ?" ಅಂದರು ಅತ್ತೆ. "ನಾ ಆರಿಸಿದ ತೆನಿಯೊಳಗ ಒಂದ ಕರಿ ಕಾಳು ತೋರ್ಸು. ಮೂಡಗಾಳಿ ಬಂದ್ರ ಕಾಡಿಗಿ ಬರತೈತಿ. ಸೈಕಲ್ ಹೊತಗೊಂಡು ಬರಾವಗ ಏನ್ ತಿಳೀತೈತಿ?"

ಆ ಸಲ ಗಣಪತಿ ಹೋದ ಮರುದಿನ ಉಡಿ ಒಡ್ಡಲು ಬಂದವರು ಅರ್ಧದಷ್ಟು. ಮೂಲೆಮನೆಯಾಕೆ, ಅತ್ತೆಯ ಓರಗೆಯವಳು, ಬರಲೇ ಇಲ್ಲ. ಬಾವಿಕಟ್ಟೆಯ ಮೇಲೆ ಹತ್ತು ಜನರ ಮುಂದೆ, "ಯಕ್ಕಾ, ಸಿಟ್ಟಾಗಬ್ಯಾಡ. ಈ ಸಲ ಬೆಳವಣಕಿಯಿಂದ ಬೀಜ ತರಸೇವಿ" ಅಂದಳು. ಅತ್ತೆ "ಚಲೋ ಆತು ಬಿಡವ್ವ" ಎಂದು ಕೊಡ ಎತ್ತಿಕೊಂಡು ಬಂದರು. ಮನೆಗೆ ಬಂದವರು ಸಂಜೆಯವರೆಗೆ ಯಾರನ್ನೂ ಬೈಯಲಿಲ್ಲ. ನನಗೆ ಹೆದರಿಕೆಯೇ ಆಯಿತು.

ಬಿತ್ತನೆಗೆ ಎಂಟು ದಿನ ಉಳಿದಿತ್ತು. ನನ್ನ ಯಜಮಾನರು ಗಜೇಂದ್ರಗಡದ ಸಂತೆಗೆ ಹೊರಟಾಗ, ಅತ್ತಾರರ ಅಂಗಡಿಯಿಂದ ಗಂಧಕದ ಪುಡಿ ತರಲು ಗುಟ್ಟಾಗಿ ಹೇಳಿದೆ. ಅತ್ತಾರ ಸಾಹೇಬರು ಊದಿನಕಡ್ಡಿ, ಸುಗಂಧ, ನಾಟಿ ಔಷಧ ಮಾರುವವರು, ಬಹಳ ಕಳಕಳಿಯ ಮನುಷ್ಯ. ಪೊಟ್ಟಣ ಕಟ್ಟುತ್ತ, "ಯಾರಿಗ ಆಗೇತ್ರಿ ಕಜ್ಜಿ? ಹಚ್ಚೂ ಬಗಿ ಹೇಳ್ತೀನಿ" ಎಂದು ಕೇಳಿದ್ದಾರೆ. ಜೋಳಕ್ಕೆ ಅಂದರೆ ನಕ್ಕಾರು ಎಂದು ಇವರಿಗೆ ನಾಚಿಕೆ. ಅದಕ್ಕೆ, "ನನ್ನ ಹೇಂತಿಗ್ರಿ" ಅಂದುಬಿಟ್ಟರು! ಹಿಂದೆ ನಮ್ಮೂರಿನವರೇ ಇಬ್ಬರು ನಿಂತಿದ್ದರು.

ಮರುದಿನ ನಾನು ಬಾವಿಗೆ ಹೋದರೆ ಹೆಂಗಸರು ತಮ್ಮ ತಮ್ಮ ಕೊಡ ಅತ್ತ ಸರಿಸಿದರು. ಒಬ್ಬಳೂ ನನ್ನ ಹಗ್ಗ ಮುಟ್ಟಲಿಲ್ಲ. ಮೂಲೆಮನೆಯಾಕೆ ಕನಿಕರದಿಂದ, "ಬೇವಿನ ತಪ್ಪಲಾ ಕುದಿಸಿ ಮೈ ತೊಳಕೊ ತಂಗಿ, ಲಗೂ ಹೋಗತೈತಿ" ಅಂದಳು. ನಾನು ಅಳುತ್ತ ಮನೆಗೆ ಬಂದೆ. ಅತ್ತೆ ಕೆದಕಿ ಕೆದಕಿ ಕೇಳಿ ಎಲ್ಲ ಹೊರಗೆಳೆದರು. ಈಗ ಪೊಟ್ಟಣ ತಿಪ್ಪೆಗೆ ಹೋಗುತ್ತದೆ, ನಾನು ತವರಿಗೆ ಹೋಗುತ್ತೇನೆ ಅಂದುಕೊಂಡೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ರಟ್ಟೆ ಹಿಡಿದು ನೆಟ್ಟಗೆ ಬಾವಿಗೆ ಕರೆದೊಯ್ದರು.

ನನ್ನ ತೋಳು ಎತ್ತಿ ಎಲ್ಲರಿಗೂ ತೋರಿಸಿ, "ನೋಡ್ರಿ, ಕಣ್ಣ ತಗದು ನೋಡ್ರಿ. ನನ್ನ ಸೊಸಿಗೆ ಕಜ್ಜಿ ಇಲ್ಲ. ಗಂಧಕ ತರಸಿದ್ದು ಜ್ವಾಳಕ್ಕ!" ಎಂದು ಕೂಗಿದರು.

ಕೂಗಿದ ಮೇಲೆ ತಾವೇ ಆಡಿದ್ದು ಅವರ ಕಿವಿಗೆ ಬಿತ್ತು. ಆದರೆ ಆಡಿದ ಮಾತು, ಒಡೆದ ಮುತ್ತು. ಸೊಸೆಯ ಮೈ ಉಳಿಸಲು ಹೋಗಿ ಬೀಜದ ಮೈಗೆ ಕಜ್ಜಿ ಅಂಟಿಸಿಕೊಂಡಿದ್ದರು. ಮನೆ ಹೊಸ್ತಿಲಿಗೆ ಬಂದ ಮೇಲೆ, "ಮಂದಿ ಮುಂದ ಅಂದೀನಿ. ಇನ್ನ ಕಲಸಬೇಕಲ್ಲ. ಅರ್ಧ ಹೊಲಕ್ಕ ಅಷ್ಟ, ಕೇಳಿದಿ?" ಅಂದರು.

ಬಿತ್ತನೆಯ ಮುಂಜಾನೆ ಗಡಿಗೆಯಲ್ಲಿ ಬೀಜ ಹಾಕಿ, ಮೇಲೆ ಗಂಧಕ ಉದುರಿಸಿ, ಬಾಯಿಗೆ ಬಟ್ಟೆ ಕಟ್ಟಿ ಅತ್ತೆ ಸೊಸೆ ಎದುರುಬದುರು ಕೂತು ಉರುಳಿಸಿದೆವು. ಒಬ್ಬರು ಸೀನಿದರೆ ಇನ್ನೊಬ್ಬರು ಸೀನುವುದು. ಗಡಿಗೆ ಒಡೆದೀತು ಎಂಬ ಭಯ ನನಗೆ. ಅತ್ತೆ ಒಡೆದರೆ ಒಡಕು ಗಡಿಗೆ, ಸೊಸೆ ಒಡೆದರೆ ಹೊಸ ಗಡಿಗೆ ಎಂಬ ನ್ಯಾಯ ನಮ್ಮ ಮನೆಯಲ್ಲೂ ನಡೆಯುತ್ತಿತ್ತು. ಹಳದಿ ಹಿಡಿದ ಬೀಜವನ್ನು ಹೊಲದ ಬಲಮಗ್ಗುಲಿಗೆ ಬಿತ್ತಿದೆವು, ಎಡಕ್ಕೆ ಎಂದಿನ ಬೀಜ.

ಕಾಳು ಕಟ್ಟುವ ಕಾಲಕ್ಕೆ ಯಾರೂ ಹೇಳಬೇಕಾಗಲಿಲ್ಲ. ಎಡಕ್ಕೆ ಮತ್ತೆ ಕಾಡಿಗೆ, ಬಲಕ್ಕೆ ಬಿಳಿಜೋಳ ಕಣ್ಣು ತುಂಬುವಷ್ಟು. ನಾನು ಹೊಲದ ಬದುವಿನ ಮೇಲೆ ಕುಣಿಯುವುದೊಂದು ಬಾಕಿ. ಅತ್ತೆ ಎರಡರ ನಡುವೆ ನಿಂತುಬಿಟ್ಟರು.

"ಅಂದ್ರ ಗಾಳಿಯೊಳಗಿದ್ದಿಲ್ಲ. ನನ್ನ ಬೀಜದಾಗ ಇತ್ತು" ಅಂದರು. "ಉಡಿ ಒಡ್ಡಿದವ್ರಿಗೆಲ್ಲ ಕಾಡಿಗಿ ತುಂಬಿ ಕಳಿಸೇನಿ."

ನನ್ನ ಖುಷಿಯೆಲ್ಲ ಇಳಿದುಹೋಯಿತು. ಅವರು ಗೆಲ್ಲಬೇಕೆಂದೇ ನಾನು ಇಷ್ಟೆಲ್ಲ ಮಾಡಿದ್ದೆ, ಸೋಲಿಸಲು ಅಲ್ಲ. ಆದರೆ ಒಂದು ಮಾತ್ರ ನನಗೂ ಬಗೆಹರಿಯಲಿಲ್ಲ. ಅವರು ಆರಿಸುವುದು ಚೊಕ್ಕ ತೆನೆಗಳನ್ನೇ. ಹಾಗಿದ್ದರೆ ಕರಿ ಪುಡಿ ಅವುಗಳ ಮೈಗೆ ಹತ್ತಿದ್ದೆಲ್ಲಿ?

ಉತ್ತರ ಸಿಕ್ಕಿದ್ದು ಕಣದಲ್ಲಿ, ಸಿಕ್ಕಿದ್ದು ಅವರಿಗೇ. ರಾಶಿಯೆಲ್ಲ ಎದ್ದು, ಮಾವನವರು ಮೇಟಿಗೆ ಪೂಜೆ ಮಾಡಿ ಬೀಜದ ತೆನೆ ತರಲು ಹೇಳಿದರು. ಅತ್ತೆ ಬುಟ್ಟಿ ಕೆಳಗಿಡಲು ಬಗ್ಗಿದವರು ಹಾಗೇ ನಿಂತು, ಅಂಗೈಯನ್ನು ಕಣದ ನೆಲಕ್ಕೆ ಒತ್ತಿ ಎತ್ತಿ ನೋಡಿದರು. ಅಂಗೈ ಕರ್ರಗಾಗಿತ್ತು. ಇಡೀ ಹೊಲದ ಕಾಡಿಗೆ ಆ ನೆಲದ ಮೇಲೆ ಹಾಸಿತ್ತು. ಅದರ ಮೇಲೆ ಪ್ರತಿ ವರ್ಷ, ಮರ್ಯಾದೆಯಿಂದ, ಕಟ್ಟಕಡೆಗೆ ನಾವು ಚೊಕ್ಕ ತೆನೆಗಳನ್ನು ಹೊರಳಾಡಿಸುತ್ತಿದ್ದೆವು.

"ಇವನ್ನ ಇಲ್ಲಿ ಹಾಕೂದಿಲ್ಲ" ಎಂದು ಬುಟ್ಟಿ ಎತ್ತಿದರು.

"ನಮ್ಮವ್ವ ಎಂದೂ ಹಂಗ ಮಾಡಿದ್ದಿಲ್ಲ!" ಎಂದು ಮಾವ ಗುಡುಗಿದರು.

"ನಿಮ್ಮವ್ವಗ ಗೊತ್ತಿದ್ರ ಮಾಡ್ತಿದ್ರು" ಎಂದು ಹೇಳಿ ಅತ್ತೆ ಮನೆ ಕಡೆ ನಡೆದರು. ಪಡಸಾಲೆಯಲ್ಲಿ ಒಗೆದ ಹಳೆ ಸೀರೆ ಹಾಸಿ, ನಾವಿಬ್ಬರೂ ಬಡಿಗೆಯಿಂದ ಬಡಿದು ಕಾಳು ಬಿಡಿಸಿದೆವು. ಅಂಗೈ ಸುಲಿದುಹೋಯಿತು, ಕಾಳು ಮಾತ್ರ ಹಾಲಿನಲ್ಲಿ ತೊಳೆದ ಹಾಗಿತ್ತು.

ಮತ್ತೆ ಗಣಪತಿ ಬಂದ, ಹೋದ. ನಮ್ಮ ಬಲಮಗ್ಗುಲಿನ ಬೆಳೆಯನ್ನು ಊರೆಲ್ಲ ನೋಡಿತ್ತಾದ್ದರಿಂದ ಮರುದಿನ ಪಡಸಾಲೆ ಹಿಡಿಸದಷ್ಟು ಹೆಂಗಸರು ಬಂದರು. ಮೂಲೆಮನೆಯಾಕೆ ಎಲ್ಲರಿಗಿಂತ ಮುಂದೆ. ಬೆಳವಣಕಿಯ ಬೀಜಕ್ಕೂ ಕಾಡಿಗೆ ಹತ್ತಿತ್ತು. ನನ್ನ ಯಜಮಾನರು ಒಳಗೆ ಅತ್ತೆಗೆ, "ಸುಮ್ಮನ ಬೀಜ ಕೊಟ್ಟು ಕಳಸವ್ವ. ಹ್ಯಾಂಗ ಆತು, ಏನಾತು ಯಾಕ ಹೇಳ್ತಿ? ಹೇಳಿದ್ರ ನಾಳೆ ನಿನ್ನ ಬಾಗಲಕ್ಕ ಯಾರು ಬರ್ತಾರ?" ಎಂದು ಬುದ್ಧಿ ಹೇಳಿದರು. ಮಾತು ಸುಳ್ಳಲ್ಲ. ಆ ಬಾಗಿಲಿಗೆ ಮಂದಿ ಬರುವುದೇ ಅತ್ತೆಯ ಬದುಕು ಎಂದು ನನಗೂ ಗೊತ್ತಿತ್ತು.

ಅತ್ತೆ ಮೊರ ಹಿಡಿದು ಕೂತರು, ಆದರೆ ತುಂಬಲಿಲ್ಲ. "ಮೊದ್ಲ ಒಂದ್ ಮಾತು ಕೇಳ್ರಿ. ಎರಡು ವರ್ಷ ನಿಮ್ಮ ಹೊಲಕ್ಕ ಕಾಡಿಗಿ ಬಂದದ್ದು ನನ್ನ ಕೈಲಿಂದ. ತಪ್ಪು ನಂದು" ಅಂದರು. ಆಮೇಲೆ ಕಣದ ನೆಲದ ಸಂಗತಿ, ಸೀರೆ ಹಾಸಿ ಮೊದಲೇ ಬಡಿಯುವ ರೀತಿ, ಗಂಧಕದ ಅಳತೆ ಎಲ್ಲ ಬಿಡಿಸಿ ಹೇಳಿದರು. "ಬರೂ ವರ್ಷ ನಿಮ್ಮ ನಿಮ್ಮ ಹೊಲದಾಗ ನೀವ ಆರಸ್ರಿ. ನನಗಷ್ಟ ಏನ್ ಕಣ್ಣ ಕೊಟ್ಟಾನೇನು ದೇವ್ರು?" ಮೂಲೆಮನೆಯಾಕೆ ಬಗ್ಗಿ ಅವರ ಕಾಲು ಮುಟ್ಟಿ ಉಡಿ ಒಡ್ಡಿದಳು. ಅವಳಿಗೆ ಒಂದು ಬೊಗಸೆ ಹೆಚ್ಚೇ ಬಿತ್ತು, ಜೊತೆಗೆ ಎಂದಿನ ಬೈಗುಳವೂ.

ಮರುವರ್ಷ ಅದೇ ದಿನ ಅತ್ತೆ ಪಡಸಾಲೆ ಸಾರಿಸಿ, ಬೀಜದ ಬುಟ್ಟಿ ಇಟ್ಟುಕೊಂಡು ಕೂತರು. ಉಳಿದವರೆಲ್ಲ ತಮ್ಮ ಬೀಜ ತಾವೇ ಆರಿಸಿಟ್ಟುಕೊಂಡಿದ್ದರು, ಬಂದವರು ಇಬ್ಬರೇ. ಒಬ್ಬಳು ಹೊಸದಾಗಿ ಹೊಲ ಹಿಡಿದವಳು, ಇನ್ನೊಬ್ಬಳಿಗೆ ಬೀಜವನ್ನು ಇಲಿ ತಿಂದಿತ್ತು. ಮಧ್ಯಾಹ್ನವಾಯಿತು. ಬುಟ್ಟಿ ತುಂಬಿದ ಹಾಗೇ ಇತ್ತು. ನನಗೆ ತಡೆಯಲಾಗಲಿಲ್ಲ. "ನಾ ಆ ಗಂಧಕ ತರಸಬಾರದಿತ್ತರಿ ಅತ್ತಿ" ಅಂದೆ.

ಅವರು ಬುಟ್ಟಿಯಲ್ಲಿ ಕೈಯಾಡಿಸುತ್ತ ಕೂತಿದ್ದರು. ಕೊನೆಗೆ ತಮ್ಮ ಹೊಲಕ್ಕೆ ಬೇಕಾದಷ್ಟು ಬೀಜ ತೆಗೆದಿಟ್ಟು, ಉಳಿದದ್ದನ್ನು ನನ್ನ ಕಡೆ ತಳ್ಳಿದರು.

"ಬೀಸು."

"ಬೀಜದ ಜ್ವಾಳಾನ?"

"ಮೂವತ್ತು ವರ್ಷ ಆತು ಆರಸಾಕತ್ತಿ. ಎಲ್ಲಾ ಮಂದಿ ಉಡಿಗೆ ಹೋಗ್ತಿತ್ತು. ಇದರ ರೊಟ್ಟಿ ಹ್ಯಾಂಗಿರತೈತಿ ಅಂತ ನಾ ಒಂದಿನಾನೂ ಉಂಡು ನೋಡಿಲ್ಲ."

ನಾನು ಬೀಸಿದೆ, ಅವರು ಬಡಿದರು. ಮೊದಲ ರೊಟ್ಟಿ ಹಂಚಿನ ಮೇಲೆ ಬುಗ್ಗೆಯಾಗಿ ಉಬ್ಬಿತು. ಬೆಣ್ಣೆ ಹಚ್ಚಿ, ಕೆಂಪು ಖಾರ ಇಟ್ಟುಕೊಂಡು, ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ ಅಗಿದರು.

"ಚಲೋ ಐತಿ" ಅಂದರು. ಇನ್ನೊಂದು ತುತ್ತು ಮುರಿದರು. "ಖರೇನ ಚಲೋ ಐತಿ. ನೀನೂ ಕೂಡು, ಬಿಸಿ ಇದ್ದಾಗ ತಿನ್ನು."